ಕೊನೆಯ ಎಲೆ

ಚಿಕ್ಕಂದಿನಲ್ಲಿ ನನ್ನ ಕೈಗೆ ಸೌಟು ಕೊಟ್ಟು ಪಂಕ್ತಿಗೆ ಬಡಿಸಲು ಕಳಿಸುವಾಗ ಅವ್ವ ಒಂದು ಮಾತು ಹೇಳುತ್ತಿದ್ದಳು: "ಮೊದಲನೇ ಎಲೆ ನೋಡಿ ಬಡಿಸಬೇಡ, ಕೊನೇ ಎಲೆ ನೋಡಿ ಬಡಿಸು." ಮುಂದೆ ಕೂತವರಿಗೆ ಧಾರಾಳವಾಗಿ ಸುರಿದು ಕೊನೆಯವರ ಹತ್ತಿರ ಬರುವಾಗ ಪಾತ್ರೆ ತಳ ಕಂಡರೆ ಅದು ಪಂಕ್ತಿಭೇದ. ಸುತ್ತೂರಿನಂಥ ದಾಸೋಹದ ಊರಿನಲ್ಲಿ ಬೆಳೆದವರಿಗೆ ಅದಕ್ಕಿಂತ ದೊಡ್ಡ ತಪ್ಪು ಬೇರೆ ಇಲ್ಲ.

ಐವತ್ತು ದಾಟಿದ ಮೇಲೆ ಆ ಮಾತು ಮತ್ತೆ ನೆನಪಾದದ್ದು ಅಡುಗೆಮನೆಯಲ್ಲಲ್ಲ, ಬೆಂಗಳೂರು–ಮೈಸೂರು ಹೆದ್ದಾರಿಯ ನೆಪದಲ್ಲಿ.

118 ಕಿಲೋಮೀಟರ್ ಉದ್ದದ ಆ ಹೊಸ ರಸ್ತೆಯ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ಅದೇ ಮಳೆಗಾಲದ ಒಂದು ರಾತ್ರಿ ಬೆಂಗಳೂರಿನಿಂದ ಫೋನು ಬಂತು. ಅಕ್ಕನಿಗೆ ಜೋರಾಗಿದೆ, ಬೇಗ ಹೊರಡಿ. ಪಕ್ಕದ ಮನೆಯ ಹುಡುಗ ಕಾರು ತೆಗೆದ. ಬಸ್ಸಿನಲ್ಲಿ ಅರ್ಧ ದಿನ ತಿನ್ನುತ್ತಿದ್ದ ದಾರಿ ಅಂದು ಕಣ್ಣುಮುಚ್ಚಿ ತೆರೆಯುವುದರಲ್ಲಿ ಮುಗಿದಂತಾಯಿತು. ಮಂಡ್ಯ, ಮದ್ದೂರು, ಚನ್ನಪಟ್ಟಣ ಯಾವುದೂ ಕಾಣಲಿಲ್ಲ. ಬೆಳಗಾಗುವ ಮೊದಲೇ ಅಕ್ಕನ ಕೈ ಹಿಡಿದು ಕೂತಿದ್ದೆ. "ಬಂದ್ಯಾ?" ಅಂದಳು. ಮಧ್ಯಾಹ್ನದ ಹೊತ್ತಿಗೆ ಅವಳಿರಲಿಲ್ಲ. ಆ ರಸ್ತೆ ಇಲ್ಲದಿದ್ದರೆ ಆ ಒಂದು ಮಾತು ನನ್ನ ಪಾಲಿಗೆ ಇರುತ್ತಿರಲಿಲ್ಲ. ಹಾಗಾಗಿ ಇಂಥ ರಸ್ತೆಗಳನ್ನು ಸುಮ್ಮನೆ ಬೈಯುವ ಹಕ್ಕು ನನಗಿಲ್ಲ.

ಕೆಲವು ತಿಂಗಳ ನಂತರ ಹಳೆಯ ದಾರಿಯ ಬಸ್ಸಿನಲ್ಲಿ ಹೋಗಿ ಚನ್ನಪಟ್ಟಣದಲ್ಲಿ ಇಳಿದೆ. ನನ್ನ ಒಂದನೇ ತರಗತಿಯ ಮಕ್ಕಳಿಗೆ ಎಣಿಸಲು ಕಲಿಸುವ ಬಣ್ಣದ ಮರದ ಬಳೆಗಳನ್ನು ವರ್ಷಗಳಿಂದ ಅಲ್ಲಿನ ಒಂದೇ ಅಂಗಡಿಯಲ್ಲಿ ಕೊಳ್ಳುತ್ತಿದ್ದೆ. ಅಂಗಡಿಯಾಕೆ ಸ್ಟೂಲು ಎಳೆದು ಕೂರಿಸಿದಳು. "ಬನ್ನಿ ಟೀಚರಮ್ಮ, ಮೊದಲು ಕಾರುಗಳು ಸಾಲಾಗಿ ನಿಲ್ತಿದ್ವು. ಈಗ ಮೇಲೇ ಹೊಂಟೋಯ್ತವೆ. ನಾವಿದ್ದೀವಿ ಅಂತ್ಲೇ ಗೊತ್ತಾಗಲ್ಲ." ಅವಳ ದನಿಯಲ್ಲಿ ದೂರಿರಲಿಲ್ಲ. ಹಾಗೆ 'ಹೊಂಟೋದ' ಕಾರುಗಳಲ್ಲಿ ಒಂದರಲ್ಲಿ ನಾನೂ ಇದ್ದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನನಗೆ ಉಳಿದ ಆ ಎರಡು ಗಂಟೆಯ ಬೆಲೆಯನ್ನು ತೆತ್ತವರು ಯಾರು? ಟೋಲ್ ಕಟ್ಟಿದವರು ನಾವೇ, ನಿಜ. ಆದರೆ ಈಕೆಯ ವ್ಯಾಪಾರವೂ ಅದರಲ್ಲಿ ಸೇರಿತ್ತು. 2023ರ ಆಗಸ್ಟ್ 1ರಿಂದ ಮುಖ್ಯರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರುಗಳ ಪ್ರವೇಶ ನಿಂತಿತು. ವೇಗದ ವಾಹನಗಳ ನಡುವೆ ಅವರ ಜೀವಕ್ಕೇ ಅಪಾಯ ಎಂಬ ಕಾರಣ ಸುಳ್ಳಲ್ಲ. ಆದರೂ ಪಂಕ್ತಿಯಿಂದ ಎದ್ದು ಪಕ್ಕದ ಸರ್ವಿಸ್ ರಸ್ತೆಗೆ ಹೋದವರು ಯಾರೆಂದು ನೋಡಿ.

ಈಗ ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದಡಿ ಸುರಂಗ ರಸ್ತೆ ಮಾಡುವ ಯೋಜನೆ ಬಂದಿದೆ. ಸುಮಾರು 17 ಕಿಲೋಮೀಟರ್ ಉದ್ದ, 17 ಸಾವಿರ ಕೋಟಿ ರೂಪಾಯಿಗೂ ಮೀರಿದ ಅಂದಾಜು. ಲಾಲ್‌ಬಾಗಿನ ನೆಲಕ್ಕೂ ಅದರ ಕೈ ಚಾಚಿತೆಂದು 2025ರಲ್ಲಿ ಜನ ಬೀದಿಗಿಳಿದರು. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ ಅದು. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಈ ವಿಷಯವನ್ನು ತರಗತಿಯಲ್ಲಿ ಪತ್ರಿಕೆ ಓದಿಸುವಾಗ ಹೇಳಿದೆ. ಹುಡುಗಿಯೊಬ್ಬಳು ಎದ್ದುನಿಂತು, "ಮಿಸ್, ಆ ಸುರಂಗದಲ್ಲಿ ನಮ್ಮಪ್ಪನ ಬೈಕು ಬಿಡ್ತಾರಾ?" ಎಂದಳು. ಅವಳ ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗುವವರು. ಯೋಜನೆಯ ಪ್ರಕಾರ ದ್ವಿಚಕ್ರ ವಾಹನಗಳಿಗೆ ಅಲ್ಲಿ ಜಾಗವಿಲ್ಲ. "ಇಲ್ಲಮ್ಮ" ಎಂದೆ. ಅವಳು ಸುಮ್ಮನೆ ಕೂತಳು.

ಹೊರದೇಶಗಳ ಉದಾಹರಣೆ ಕೊಡುವವರಿದ್ದಾರೆ. ಅಮೆರಿಕದ ಬಾಸ್ಟನ್ನಿನಲ್ಲಿ ಊರ ನಡುವೆ ಕಂಬಗಳ ಮೇಲೆ ಹಾದಿದ್ದ ಹೆದ್ದಾರಿಯನ್ನು ಕಿತ್ತು ನೆಲದಡಿ ಇಟ್ಟರು, ಮೇಲೆ ಉದ್ಯಾನ ಮಾಡಿದರು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನದಿಯ ದಡ ನುಂಗಿದ್ದ ರಸ್ತೆಯನ್ನು ಹೂತು ದಡವನ್ನು ಜನರಿಗೆ ಮರಳಿಸಿದರು. ಕೊರಿಯಾದ ಸೋಲ್ ನಗರ ಇನ್ನೂ ಮುಂದೆ ಹೋಗಿ, ಹಳ್ಳವೊಂದನ್ನು ಮುಚ್ಚಿದ್ದ ಮೇಲುರಸ್ತೆಯನ್ನೇ ಒಡೆದು 2005ರಲ್ಲಿ ನೀರನ್ನು ಬಿಸಿಲಿಗೆ ತಂದಿತು. ಕೇಳಲು ಎಲ್ಲ ಚೆಂದ. ಆದರೆ ಅಲ್ಲೆಲ್ಲ ಕಳೆದುಹೋದ ತೋಟ, ದಡ, ಹಳ್ಳವನ್ನು ವಾಪಸು ಪಡೆಯಲು ಅಷ್ಟು ಕಷ್ಟಪಟ್ಟರು. ನಮ್ಮಲ್ಲಿ ಇರುವ ತೋಟಕ್ಕೇ ಕೈ ಹಾಕುವುದಾದರೆ ಆ ಉದಾಹರಣೆ ಹೇಗೆ ಹೊಂದೀತು?

ಹಾಗಾದರೆ ರಸ್ತೆ ಬೇಡವೇ? ಬೇಡ ಎಂದರೆ ಅಕ್ಕನ ಕೈ ನೆನಪಾಗುತ್ತದೆ. ಟ್ರಾಫಿಕ್ಕಿನಲ್ಲಿ ಸಿಕ್ಕ ಆಂಬುಲೆನ್ಸಿನೊಳಗೆ ಯಾರದೋ ಅಕ್ಕ ಇರುತ್ತಾಳೆ. ಬೇಕು ಎಂದರೆ ಬೊಂಬೆಯಂಗಡಿಯ ಸ್ಟೂಲು ನೆನಪಾಗುತ್ತದೆ. ಇವೆರಡರ ನಡುವೆ ನನಗೆ ಸಿಕ್ಕ ಅಳತೆಗೋಲು ಅವ್ವನ ಮಾತೊಂದೇ. ಊರಿನ ಹಣದಲ್ಲಿ ಏನೇ ಬಡಿಸುವ ಮೊದಲು ಕೊನೆಯ ಎಲೆಯಲ್ಲಿ ಏನಿದೆ ಎಂದು ನೋಡಬೇಕು. ಬಸ್ ನಿಲ್ದಾಣದಲ್ಲಿ ನಿಂತ ಹೆಂಗಸು, ರಸ್ತೆ ದಾಟಬೇಕಾದ ಶಾಲೆಯ ಮಗು, ನೆರಳಿಗಾಗಿ ಉದ್ಯಾನಕ್ಕೆ ಬರುವ ಮುದುಕ, ಇವರದೇ ಆ ಎಲೆ. ಅಲ್ಲಿಗೆ ಬಡಿಸಿ ಉಳಿದರೆ ಸುರಂಗವೂ ಬರಲಿ. ಕಳೆದುಕೊಂಡವರು ಯಾರೆಂದು ತಿಳಿದು ಅವರಿಗೆ ಕೊಡಬೇಕಾದ್ದನ್ನು ಕೊಟ್ಟ ಮೇಲೆ ಬರಲಿ.

ಮೊನ್ನೆ ಮತ್ತೆ ಚನ್ನಪಟ್ಟಣಕ್ಕೆ ಹೋಗಿದ್ದೆ. ಬೇಕಿದ್ದುದಕ್ಕಿಂತ ಹತ್ತು ಬಳೆ ಹೆಚ್ಚಿಗೆ ಕೊಂಡೆ. ಹತ್ತು ಬಳೆಯಿಂದ ಸಾಲ ತೀರುವುದಿಲ್ಲ, ನನಗೆ ಗೊತ್ತು. ಸಾಲ ಇದೆಯೆಂದು ಒಪ್ಪಿಕೊಳ್ಳಲು ಅಷ್ಟಾದರೂ ಬೇಕಿತ್ತು.