ನಿಲುವಂಗಿಯ ಮರೆಯ ಇಬ್ಬರು ಮಕ್ಕಳು

ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಹೊರಬಂದದ್ದು 1843ರ ಡಿಸೆಂಬರ್ 19ರಂದು. ಮೊದಲ ಮುದ್ರಣದ 6,000 ಪ್ರತಿಗಳು ಹಬ್ಬದ ಮುನ್ನಾದಿನದ ಹೊತ್ತಿಗೆ ಮುಗಿದುಹೋದವು. ಮುಂದೆ ಸಿನಿಮಾ ಎಂಬ ಕಲೆ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಈ ಕಥೆ ತೆರೆಯ ಮೇಲೂ ಬಂತು. ಅಂದಿನಿಂದ ಇಂದಿನವರೆಗೆ ಮೂಕಿ, ವಾಕಿ, ಹಾಡಿನ ಚಿತ್ರ, ಕಾರ್ಟೂನು, ಬೊಂಬೆಗಳ ಚಿತ್ರ, ಕಂಪ್ಯೂಟರ್ ಚಿತ್ರ ಹೀಗೆ ಅದು ತಾಳದ ರೂಪವಿಲ್ಲ.

ಕಥೆ ಸರಳ. ಲಂಡನ್ನಿನ ಎಬನೀಝರ್ ಸ್ಕ್ರೂಜ್ ಕೈಯೆತ್ತಿ ಒಂದು ಕಾಸು ಕೊಡದ ಲೇವಾದೇವಿಗಾರ. ಕೊರೆಯುವ ಚಳಿಯಲ್ಲೂ ಗುಮಾಸ್ತ ಬಾಬ್ ಕ್ರ್ಯಾಚಿಟ್‌ಗೆ ಇನ್ನೊಂದು ಚೂರು ಕಲ್ಲಿದ್ದಲು ಕೊಡಲು ಅವನಿಗೆ ಮನಸ್ಸಿಲ್ಲ. ಬಡವರಿಗಾಗಿ ಚಂದಾ ಕೇಳಲು ಬಂದವರನ್ನು, ಸೆರೆಮನೆಗಳಿಲ್ಲವೇ, ಬಡವರನ್ನು ದುಡಿಸುವ ಸರ್ಕಾರಿ ಆಶ್ರಯಗಳಿಲ್ಲವೇ ಎಂದು ಕೇಳಿ ಸಾಗಹಾಕುತ್ತಾನೆ. ಆ ರಾತ್ರಿ ಸತ್ತುಹೋದ ಪಾಲುದಾರ ಮಾರ್ಲಿಯ ಪ್ರೇತ ಬರುತ್ತದೆ. ಅದರ ಬೆನ್ನಿಗೆ ಭೂತ, ವರ್ತಮಾನ, ಭವಿಷ್ಯಗಳ ಮೂರು ಚೇತನಗಳು ಬಂದು ಅವನ ಬದುಕನ್ನು ಅವನಿಗೇ ತೋರಿಸುತ್ತವೆ. ಬೆಳಗಾಗುವಾಗ ಸ್ಕ್ರೂಜ್ ಬೇರೆಯೇ ಮನುಷ್ಯ.

1901ರಲ್ಲಿ ಬ್ರಿಟನ್ನಿನ ಆರ್. ಡಬ್ಲ್ಯು. ಪಾಲ್ ನಿರ್ಮಿಸಿ ವಾಲ್ಟರ್ ಬೂತ್ ನಿರ್ದೇಶಿಸಿದ ಮೂಕಿ ಚಿತ್ರದ ಕೆಲವೇ ನಿಮಿಷಗಳು ಈಗ ಉಳಿದಿವೆ. ಅದರಲ್ಲಿ ಮನೆಬಾಗಿಲು ಬಡಿಯುವ ಹಿಡಿಯ ಮೇಲೆ ಮಾರ್ಲಿಯ ಮುಖ ಮೂಡುತ್ತದೆ. ಸ್ಕ್ರೂಜ್ ಕೋಣೆಯ ಕಪ್ಪು ಪರದೆ ಎಳೆದರೆ ಅದರ ಮೇಲೆ ಅವನ ಬಾಲ್ಯ ತೇಲಿಬರುತ್ತದೆ. ಒಂದು ಚಿತ್ರದ ಮೇಲೆ ಇನ್ನೊಂದನ್ನು ಅಚ್ಚೊತ್ತುವ ಕೈಚಳಕ ಅದು. ಆ ಕಾಲದ ಪ್ರೇಕ್ಷಕ ಅದನ್ನು ಕಂಡು ಎಷ್ಟು ಬೆರಗಾಗಿರಬೇಡ! ಮನುಷ್ಯನಿಗೆ ತನ್ನ ಕಳೆದ ದಿನಗಳು ಕಣ್ಣೆದುರು ನಿಲ್ಲುವುದನ್ನು ತೋರಿಸಲು ಸಿನಿಮಾಕ್ಕಿಂತ ಒಳ್ಳೆಯ ಮಾಧ್ಯಮವಿಲ್ಲ ಎಂಬುದನ್ನು ಆ ತಂತ್ರಜ್ಞರು ಅಂದೇ ಅರಿತಿದ್ದರು.

ಆದರೆ ಈ ಕಥೆಯ ಜೀವ ಪ್ರೇತಗಳಲ್ಲಿಲ್ಲ. ವರ್ತಮಾನದ ಚೇತನ ಹೊರಡುವ ಮುನ್ನ ತನ್ನ ನಿಲುವಂಗಿಯನ್ನು ಸರಿಸುತ್ತದೆ. ಕಾಲಬುಡದಲ್ಲಿ ಇಬ್ಬರು ಮಕ್ಕಳು. ಹರಕು ಬಟ್ಟೆ, ಬತ್ತಿದ ಮೈ, ಕಂಡವರು ಬೆಚ್ಚುವಂಥ ನೋಟ. ಹುಡುಗ ಅಜ್ಞಾನ, ಹುಡುಗಿ ಕೊರತೆ. ಇವರು ಯಾರ ಮಕ್ಕಳೆಂದು ಸ್ಕ್ರೂಜ್ ಕೇಳಿದರೆ, ಮನುಷ್ಯರ ಮಕ್ಕಳೆಂಬ ಉತ್ತರ. ಇವರಿಗೆ ದಿಕ್ಕಿಲ್ಲವೇ ಎಂದು ಕೇಳಿದಾಗ, ಚಂದಾ ಕೇಳಲು ಬಂದವರಿಗೆ ಅವನು ಆಡಿದ್ದ ಮಾತನ್ನೇ ಚೇತನ ಅವನಿಗೆ ತಿರುಗಿಸಿ ಹೇಳುತ್ತದೆ.

ಈ ಮಕ್ಕಳು ಕಲ್ಪನೆಯಿಂದಷ್ಟೇ ಹುಟ್ಟಿದವರಲ್ಲ. ಗಣಿ, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿಗತಿ ಕುರಿತ ಸರ್ಕಾರಿ ವರದಿಯನ್ನು ಓದಿ ತಳಮಳಗೊಂಡ ಡಿಕನ್ಸ್ ಮೊದಲು ಒಂದು ಕರಪತ್ರ ಬರೆಯಲು ಯೋಚಿಸಿದ್ದ. 1843ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಫೀಲ್ಡ್ ಲೇನ್‌ನ ಬಡಮಕ್ಕಳ ಶಾಲೆಯನ್ನೂ ಕಣ್ಣಾರೆ ಕಂಡುಬಂದ. ಸಾಲ ತೀರಿಸಲಾಗದೆ ತಂದೆ ಮಾರ್ಷಲ್‌ಸೀ ಸೆರೆಮನೆ ಸೇರಿದಾಗ, ಹನ್ನೆರಡರ ಹರೆಯದಲ್ಲಿ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದವನು ಅವನು. ಕರಪತ್ರವಾಗಬೇಕಿದ್ದ ಸಂಕಟ ಕಥೆಯಾಯಿತು. ಆ ಇಬ್ಬರು ಮಕ್ಕಳೇ ಅದರ ಬೀಜ.

ಆದ್ದರಿಂದ ಪ್ರತಿಯೊಂದು ಚಿತ್ರದಲ್ಲೂ ನಾನು ಮೊದಲು ಹುಡುಕುವುದು ಅವರನ್ನು. 1938ರಲ್ಲಿ ಎಂಜಿಎಂ ಸಂಸ್ಥೆ ರೆಜಿನಾಲ್ಡ್ ಓವನ್‌ರನ್ನು ಸ್ಕ್ರೂಜ್ ಮಾಡಿ ತೆಗೆದ ಚಿತ್ರದಲ್ಲಿ ಅವರಿಲ್ಲ. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರಕ್ಕೆ ಅವರು ಹೊಂದಲಿಲ್ಲವೇನೋ. 1951ರ ಬ್ರಿಟಿಷ್ ಚಿತ್ರದಲ್ಲಿದ್ದಾರೆ. ಅಲಸ್ಟೇರ್ ಸಿಮ್ ಅವರ ಮುಖದಲ್ಲಿ ಭಯವೂ ಪಶ್ಚಾತ್ತಾಪವೂ ಒಟ್ಟಿಗೇ ಓಡಾಡುವ ಆ ಚಿತ್ರವನ್ನು ಇಂದಿಗೂ ಅನೇಕರು ಎಲ್ಲಕ್ಕಿಂತ ಮೇಲೆಂದು ಎಣಿಸುತ್ತಾರೆ. ಅದೇ ಸಿಮ್ ಧ್ವನಿ ಕೊಟ್ಟ, ರಿಚರ್ಡ್ ವಿಲಿಯಮ್ಸ್ ನಿರ್ದೇಶನದ 1971ರ ಆ್ಯನಿಮೇಷನ್ ಚಿತ್ರವೂ ಮಕ್ಕಳನ್ನು ಬಿಟ್ಟುಕೊಡಲಿಲ್ಲ. ಅದಕ್ಕೆ ಆಸ್ಕರ್ ಬಂತು. 1951ರ ಚಿತ್ರದ ಸಂಕಲನಕಾರ ಕ್ಲೈವ್ ಡಾನರ್ ಮುಂದೆ 1984ರಲ್ಲಿ ಜಾರ್ಜ್ ಸಿ. ಸ್ಕಾಟ್ ಅವರನ್ನಿಟ್ಟುಕೊಂಡು ತಾವೇ ಈ ಕಥೆ ನಿರ್ದೇಶಿಸಿದಾಗಲೂ ಮಕ್ಕಳು ನಿಲುವಂಗಿಯ ಮರೆಯಿಂದ ಹೊರಬಂದರು. 1983ರ ಡಿಸ್ನಿಯ ಮಿಕ್ಕಿ ಮೌಸ್ ಆವೃತ್ತಿಯಲ್ಲಿ ಅವರಿಲ್ಲ. ಮಪೆಟ್ ಬೊಂಬೆಗಳ ನಡುವೆ ನಿಂತು, ಒಮ್ಮೆಯೂ ನಗಿಸಲು ಹೊರಡದೆ ಮೈಕೆಲ್ ಕೇನ್ ಅಭಿನಯಿಸಿದ 1992ರ ಚಿತ್ರ ನನಗೆ ಅಚ್ಚುಮೆಚ್ಚು. ಅದರಲ್ಲೂ ಅವರಿಲ್ಲ ಎಂಬುದು ಬೇಸರದ ಸಂಗತಿ. ರಾಬರ್ಟ್ ಜೆಮೆಕಿಸ್ 2009ರ ಚಿತ್ರದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸ್ಕ್ರೂಜ್‌ನ ಕಣ್ಣೆದುರೇ ಆ ಮಕ್ಕಳು ಬೆಳೆದು, ಹುಡುಗ ಕಂಬಿಯ ಹಿಂದಿನ ಕ್ರೂರಿಯಾಗುತ್ತಾನೆ, ಹುಡುಗಿಯ ಬದುಕು ಬೀದಿಪಾಲಾಗುತ್ತದೆ.

ಒಂದು ಮಾತು ಗಮನಿಸಿ. ಬಾಬ್‌ನ ಕಾಲುಕುಂಟ ಮಗ ಟೈನಿ ಟಿಮ್‌ನನ್ನು ಇವುಗಳಲ್ಲಿ ಯಾವ ಚಿತ್ರವೂ ಕೈಬಿಟ್ಟಿಲ್ಲ. ಬಿಡುವ ಪ್ರಶ್ನೆಯೇ ಇಲ್ಲ, ಅವನು ಎಲ್ಲರಿಗೂ ಇಷ್ಟವಾಗುವ ಮಗು. ಮುದ್ದು ಮುಖ, ಮೆಲ್ಲನೆಯ ಮಾತು, ಹೆಸರಿದೆ, ಮನೆಯಿದೆ, ಹೆತ್ತವರಿದ್ದಾರೆ. ಸ್ಕ್ರೂಜ್ ಅವನ ಮನೆಗೊಂದು ದೊಡ್ಡ ಟರ್ಕಿ ಕೋಳಿ ಕಳಿಸಿದರೆ ನಮ್ಮ ಕಣ್ಣೂ ತುಂಬುತ್ತದೆ, ಮನಸ್ಸೂ ಹಗುರಾಗುತ್ತದೆ. ಉಳಿದಿಬ್ಬರು ಹಾಗಲ್ಲ. ಅವರಿಗೆ ವಿಳಾಸವಿಲ್ಲ. ಅವರನ್ನು ಕಂಡರೆ ಪ್ರೀತಿ ಉಕ್ಕುವುದಿಲ್ಲ, ಹೆದರಿಕೆಯಾಗುತ್ತದೆ. ಅವರಿಗೆ ಬೇಕಾದದ್ದು ಒಂದು ಹೊತ್ತಿನ ಹಬ್ಬದೂಟವಲ್ಲ. ಶಾಲೆ, ಅನ್ನ, ದುಡಿಯುವ ತಂದೆತಾಯಿಗೆ ನ್ಯಾಯವಾದ ಕೂಲಿ.

ನಮ್ಮ ಕರುಣೆಯೂ ಹೆಚ್ಚಾಗಿ ಟೈನಿ ಟಿಮ್‌ನ ಬಳಿಗೇ ಹೋಗಿ ನಿಲ್ಲುತ್ತದೆ. ನಕ್ಕು ಕೈಮುಗಿಯುವ ಮಗುವಿಗೆ ಕೊಡುತ್ತೇವೆ. ಕೆಂಗಣ್ಣು ಬಿಡುವ ಮಗುವನ್ನು ಕಂಡರೆ ದಾರಿ ಬದಲಿಸುತ್ತೇವೆ. ಡಿಕನ್ಸ್ ಸ್ಕ್ರೂಜ್‌ನನ್ನು ಅಲ್ಲಿಗೇ ಬಿಡಲಿಲ್ಲ. ಬದಲಾದ ಸ್ಕ್ರೂಜ್ ಕೋಳಿ ಕಳಿಸಿ ಸುಮ್ಮನಾಗುವುದಿಲ್ಲ, ಗುಮಾಸ್ತನ ಸಂಬಳ ಹೆಚ್ಚಿಸುತ್ತಾನೆ. ತಾನು ಸಾಗಹಾಕಿದ್ದ ಚಂದಾದವನನ್ನು ದಾರಿಯಲ್ಲಿ ಹಿಡಿದು ನಿಲ್ಲಿಸಿ, ದೊಡ್ಡ ಮೊತ್ತವೊಂದನ್ನು ಕಿವಿಯಲ್ಲಿ ಹೇಳಿ, ಇದರಲ್ಲಿ ಹಳೆಯ ಬಾಕಿ ಬಹಳಷ್ಟು ಸೇರಿದೆ ಎಂದು ತಿಳಿಸುತ್ತಾನೆ. ತಾನು ಕೊಡುತ್ತಿರುವುದು ದಾನವಲ್ಲ, ಇಷ್ಟು ವರ್ಷ ಉಳಿಸಿಕೊಂಡ ಋಣ ಎಂದು ಅವನು ಅರಿತ ಗಳಿಗೆ ಅದು.

ಈ ಹಬ್ಬದ ದಿನಗಳಲ್ಲಿ ಇವುಗಳಲ್ಲಿ ಯಾವುದಾದರೊಂದು ಚಿತ್ರವನ್ನು ಮನೆಯ ಮಕ್ಕಳೊಡನೆ ಕೂತು ನೋಡಿ. ಆ ಇಬ್ಬರು ಬಂದರೆ ಚಿತ್ರ ನಿಲ್ಲಿಸಿ ಅವರ ಬಗ್ಗೆ ಮಾತಾಡಿ. ಬಾರದಿದ್ದರೆ, ಕಥೆಯಲ್ಲಿ ಇನ್ನಿಬ್ಬರು ಮಕ್ಕಳಿದ್ದಾರೆಂದು ನೀವೇ ಹೇಳಿ. ನಮ್ಮ ಮೇಲೂ ಅಂಥ ಬಾಕಿಯಿದೆ ಎಂಬುದನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತಾರೆ.