ಹೊಸ ಯಂತ್ರಕ್ಕೆ ಹಳೆಯ ಓಲೆ

ಬಂದ ಕಾಗದವನ್ನು ಇಟ್ಟುಕೊಳ್ಳುವುದು ಒಂದು ಗುಣವೋ, ಬರಿಯ ಅಭ್ಯಾಸವೋ? ನಮ್ಮ ಕಾಸರಗೋಡು ಕಡೆಯ ಹಳೆಯ ಮನೆಗಳಲ್ಲಿ ಚಾವಡಿಯ ಕಂಬಕ್ಕೋ ಕಿಟಕಿಯ ಸರಳಿಗೋ ಬಾಗಿಸಿದ ಒಂದು ಕಬ್ಬಿಣದ ಸರಿಗೆಯನ್ನು ತೂಗಹಾಕಿ, ಬಂದ ಕಾಗದಗಳನ್ನೆಲ್ಲ ಅದಕ್ಕೆ ಚುಚ್ಚಿಡುತ್ತಿದ್ದರು. ಮದುವೆಯ ಕರೆಯೋಲೆ, ತೀರ್ವೆಯ ರಶೀದಿ, ಮುಂಬಯಿಯ ಹೋಟೆಲಿನಿಂದ ಮಗ ಬರೆದ ಕಾರ್ಡು, ಎಲ್ಲವೂ ಒಂದೇ ಸರಿಗೆಯಲ್ಲಿ. ಸರಿಗೆ ತುಂಬಿದರೆ ಅಟ್ಟಕ್ಕೆ ಹೋಗುತ್ತಿತ್ತು. ಅಲ್ಲಿ ಗೆದ್ದಲೂ ಮಳೆಗಾಲವೂ ತಮ್ಮ ತಮ್ಮ ಪಾಲನ್ನು ತೆಗೆದುಕೊಳ್ಳುತ್ತಿದ್ದವು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಮನೆಯವರು ಕುಳಿತು ಯೋಚಿಸಬೇಕಾಗಿ ಬರುತ್ತಿದ್ದುದು ಮನೆ ಪಾಲಾದಾಗ ಅಥವಾ ಮಾಡು ಬಿಚ್ಚಿದಾಗ ಮಾತ್ರ.

ಕಂಪ್ಯೂಟರಿನೊಳಗಿನ ಕಾಗದಗಳಿಗೆ ಆ ದಿನ ಐದಾರು ವರ್ಷಕ್ಕೊಮ್ಮೆ ಬರುತ್ತದೆ. ಹಳೆಯ ಯಂತ್ರ ನಿಧಾನವಾಗುತ್ತದೆ, ಹೊಸತು ಬರುತ್ತದೆ, ಹಳೆಯದರಲ್ಲಿದ್ದ ಮಿಂಚಂಚೆಗಳನ್ನೂ ವಿಳಾಸಗಳ ಪಟ್ಟಿಯನ್ನೂ ಅದಕ್ಕೆ ಸಾಗಿಸಬೇಕಾಗುತ್ತದೆ. ಇದನ್ನು ನಾವು ಕೈಕೆಲಸವೆಂದೇ ತಿಳಿದಿದ್ದೇವೆ. ಮನೆಯ ಹುಡುಗನಿಗೋ ಪೇಟೆಯ ಅಂಗಡಿಯವನಿಗೋ ಒಪ್ಪಿಸಿ ಕೈತೊಳೆದುಕೊಳ್ಳುತ್ತೇವೆ. ಆದರೆ ಅದರ ಒಳಗೆ ಒಂದು ಧರ್ಮಸೂಕ್ಷ್ಮ ಅಡಗಿದೆ ಎಂಬುದು ನನ್ನ ಅಭಿಪ್ರಾಯ.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ನಮ್ಮ ಹಳ್ಳಿಗಳಿಗೆ ಅದು ತಲಪಿದ್ದು ಇನ್ನೂ ಕೆಲವು ವರ್ಷಗಳ ಮೇಲೆ. ಮಕ್ಕಳು ದುಬಾಯಿಯಲ್ಲೋ ಮಸ್ಕತಿನಲ್ಲೋ ಇದ್ದ ಮನೆಗಳಿಗೆ ಅದು ಬರಿಯ ಸೌಕರ್ಯವಾಗಿರಲಿಲ್ಲ. ವಾರಗಟ್ಟಲೆ ಕಾಯಬೇಕಿದ್ದ ಕ್ಷೇಮಸಮಾಚಾರ ಸಂಜೆಯೊಳಗೆ ಬಂದು ಮುಟ್ಟುವಂತಾಯಿತು. ಆ ಕಾಲದ ಪತ್ರಗಳು ಬಹುಪಾಲು ವಿಂಡೋಸ್ 98, ಎಕ್ಸ್‌ಪಿಗಳ ಜೊತೆಗೇ ಬರುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಬಂದು ಕೂರುತ್ತಿದ್ದವು. ಅದರ ಕ್ರಮವೇನೆಂದರೆ, ಸಂಸ್ಥೆಯ ಅಂಚೆಪೆಟ್ಟಿಗೆಯಿಂದ ಪತ್ರವನ್ನು ಇಳಿಸಿಕೊಂಡೊಡನೆ ಅಲ್ಲಿನ ಪ್ರತಿಯನ್ನು ಅಳಿಸಿಬಿಡುವುದು. ಬೇಡವೆಂದು ನಾವಾಗಿ ಹೇಳದಿದ್ದರೆ ಹಾಗೆಯೇ. ಆಮೇಲೆ ಆ ಪತ್ರ ಇರುವುದು ಲೋಕದಲ್ಲಿ ಒಂದೇ ಕಡೆ: ನಮ್ಮ ಮನೆಯ ಮೂಲೆಯ ಆ ಪೆಟ್ಟಿಗೆಯಲ್ಲಿ.

ಪೆಟ್ಟಿಗೆಯಲ್ಲಾದರೂ ಕಣ್ಣಿಗೆ ಕಾಣುವ ಜಾಗದಲ್ಲಿ ಅಲ್ಲ. ಮೈ ಡಾಕ್ಯುಮೆಂಟ್ಸ್ ಎಂಬ ಕೋಣೆಯನ್ನು ಪೂರ್ತಿ ನಕಲು ಮಾಡಿಕೊಂಡು, ಎಲ್ಲ ಬಂತು ಎಂದು ಸಮಾಧಾನಪಟ್ಟವರು ಎಷ್ಟೋ ಮಂದಿ. ಪತ್ರಗಳು ಅದರಲ್ಲಿ ಇರುತ್ತಿರಲಿಲ್ಲ. ಒಂದೊಂದು ಕಡತಕೋಶಕ್ಕೆ ಒಂದೊಂದು ಡಿಬಿಎಕ್ಸ್ ಕಡತವಾಗಿ, ವಿಂಡೋಸ್ ತಾನೇ ಮರೆಮಾಡಿಟ್ಟ ಒಂದು ಒಳಕೋಣೆಯಲ್ಲಿ ಇರುತ್ತಿದ್ದವು. ವಿಳಾಸಗಳದು ಇನ್ನೊಂದು ಕಡತ, ಬೇರೆಯೇ ಜಾಗ. ಗೊತ್ತಿದ್ದವರು ಹುಡುಕಿ ತೆಗೆದು ಸಿಡಿಗೆ ಬರೆದಿಟ್ಟರೂ ಮತ್ತೊಂದು ತೊಡಕು: ಸಿಡಿಯಿಂದ ಮರಳಿ ತಂದ ಕಡತಗಳಿಗೆ 'ಓದಲು ಮಾತ್ರ' ಎಂಬ ಮುದ್ರೆ ಬಿದ್ದಿರುತ್ತಿತ್ತು, ಅದನ್ನು ತೆಗೆಯುವ ತನಕ ತಂತ್ರಾಂಶ ಅವನ್ನು ಮುಟ್ಟುತ್ತಿರಲಿಲ್ಲ. ಮನೆಯವರ ಹತ್ತು ವರ್ಷಗಳ ಮಾತುಕತೆ ಅಂಗಡಿಯಲ್ಲಿ ಹಳೆಯ ಡಿಸ್ಕಿನ ಜೊತೆ ಅಳಿಸಿಹೋದದ್ದು ಹೀಗೆ. ಯಾರ ದ್ವೇಷವೂ ಇಲ್ಲ, ಯಾರ ನಿರ್ಧಾರವೂ ಇಲ್ಲ.

ವಿಳಾಸದ ಪಟ್ಟಿಯ ವಿಷಯದಲ್ಲಿ ಇನ್ನೊಂದು ವಿಚಿತ್ರವನ್ನು ಹೇಳಲೇಬೇಕು. ನಾವು ಬಹಳ ಸಲ ಬರೆಯುವವರ ಹೆಸರು ಎಷ್ಟೋ ವೇಳೆ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಎರಡಕ್ಷರ ಒತ್ತಿದೊಡನೆ ಯಂತ್ರವೇ ಉಳಿದುದನ್ನು ತುಂಬಿಕೊಡುತ್ತದೆ, ಮತ್ತೆ ಬರೆದಿಡುವುದೇಕೆ? 2003, 2007ರ ಔಟ್‌ಲುಕ್ ಈ ನೆನಪನ್ನು ವಿಳಾಸಪುಸ್ತಕದಲ್ಲಿಡದೆ ಬೇರೆಯೇ ಒಂದು ಕಡತದಲ್ಲಿ ಇಟ್ಟುಕೊಳ್ಳುತ್ತಿತ್ತು. ಯಂತ್ರ ಬದಲಾಯಿಸಿದಾಗ ವರ್ಷಕ್ಕೊಮ್ಮೆ ಬರೆಯುವ ವಿಮಾ ಏಜೆಂಟರ ವಿಳಾಸ ಸುರಕ್ಷಿತವಾಗಿ ಬರುತ್ತದೆ, ಅಕ್ಕನದು ಬರುವುದಿಲ್ಲ.

ಇನ್ನು ಪತ್ರ ಬಂದರೂ ಅಕ್ಷರ ಬರಬೇಕಲ್ಲ? ಆ ಕಾಲದಲ್ಲಿ ಕನ್ನಡವನ್ನು ಮಿಂಚಂಚೆಯಲ್ಲಿ ಬರೆದವರು ಬರಹ, ನುಡಿ ಮುಂತಾದ ತಂತ್ರಾಂಶಗಳ ಫಾಂಟುಗಳಲ್ಲಿ ಬರೆದರು. ಅದರ ಒಳಗುಟ್ಟೆಂದರೆ, ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಮುಖವಾಡ ಇಟ್ಟದ್ದು. ಫಾಂಟು ಇರುವ ತನಕ ಅಮ್ಮನ ಮಾತು ಅಮ್ಮನ ಮಾತಾಗಿ ಕಾಣುತ್ತದೆ. ಫಾಂಟು ಇಲ್ಲದ ಹೊಸ ಯಂತ್ರದಲ್ಲಿ ಅದೇ ಪತ್ರ, ಒಂದು ಚುಕ್ಕೆಯೂ ಕಡಿಮೆಯಾಗದೆ, ಪರದೇಶದ ಅಕ್ಷರಗಳ ಕಸವಾಗಿ ತೆರೆದುಕೊಳ್ಳುತ್ತದೆ. ಹಾಳಾಗಿದೆ ಎಂದು ಅಳಿಸಿಬಿಡುವವರೂ ಇದ್ದಾರೆ. ಅದು ಹಾಳಾಗಿಲ್ಲ. ಆ ಫಾಂಟನ್ನು ಹುಡುಕಿ ಹಾಕಿದರೆ, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಿದರೆ ಮಾತು ಮರಳುತ್ತದೆ. ವಿಳಾಸಪಟ್ಟಿಯ ಕತೆ ಇಷ್ಟು ಸುಖವಾದುದಲ್ಲ. ಯೂನಿಕೋಡಿನಲ್ಲಿದ್ದ ಕನ್ನಡದ ಹೆಸರುಗಳನ್ನು ಹಳೆಯ ಬಗೆಯ ಸಂಕೇತದ ಸಿಎಸ್‌ವಿ ಕಡತವಾಗಿ ಹೊರತೆಗೆದರೆ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಬಿದ್ದು, ಆ ಕಡತದಲ್ಲಿ ಹೆಸರು ಸತ್ತೇ ಹೋಗುತ್ತದೆ. ಅದನ್ನು ಮರಳಿ ತರುವ ಪರಿವರ್ತಕ ಯಾವುದೂ ಇಲ್ಲ.

ಈ ಸಂಚಿಕೆಯ ಮಲಯಾಳದ ಪುಟಗಳನ್ನು ಓದುವ ಗೆಳೆಯರಿಗೂ ಇದೇ ಜಾತಿಯ ಒಂದು ಸಂಕಟ ಇದೆ. ಮಲಯಾಳದ ಚಿಲ್ಲಕ್ಷರಗಳಿಗೆ ಯೂನಿಕೋಡಿನಲ್ಲಿ ಸ್ವತಂತ್ರ ಸ್ಥಾನ ಸಿಕ್ಕಿದ್ದು 2008ರಲ್ಲಿ, 5.1ನೆಯ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಅವನ್ನು ಮೂರು ಸಂಕೇತಗಳನ್ನು ಕೂಡಿಸಿ ಬರೆಯುತ್ತಿದ್ದರು. ಕಣ್ಣಿಗೆ ಎರಡೂ ಒಂದೇ. ಆದರೆ 'ನ್' ಎಂದು ಮುಗಿಯುವ ಗೆಳೆಯನ ಹೆಸರನ್ನು ಹೊಸ ಕ್ರಮದಲ್ಲಿ ಒತ್ತಿ ಹುಡುಕಿದರೆ, ಹಳೆಯ ಕ್ರಮದ ಪತ್ರಗಳಲ್ಲಿ ಅವನು ಇಲ್ಲವೆಂದು ಯಂತ್ರ ಹೇಳಿಬಿಡಬಹುದು.

ಇದು ನಮ್ಮ ನೆಲಕ್ಕೆ ಹೊಸ ಅನುಭವವಲ್ಲ. ಇಲ್ಲಿನ ಎಷ್ಟೋ ಮನೆಗಳ ದೇವರಕೋಣೆಯಲ್ಲಿ ಬಟ್ಟೆ ಸುತ್ತಿದ ತಾಳೆಗರಿಯ ಕಟ್ಟುಗಳಿವೆ. ಅವುಗಳ ಲಿಪಿ ತುಳು ಲಿಪಿ, ತಿಗಳಾರಿ ಎಂದೂ ಕರೆಯುತ್ತಾರೆ; ಮಲಯಾಳ ಲಿಪಿಗೆ ದಾಯಾದಿ. ಮನೆಯವರು ವರ್ಷಕ್ಕೊಮ್ಮೆ ಹೂ ಏರಿಸುತ್ತಾರೆ, ಓದಬಲ್ಲವರು ಇಲ್ಲ. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರಂಥವರು ಅಂಥ ಕಟ್ಟುಗಳನ್ನು ಬಿಚ್ಚಿ ಓದಿದುದರಿಂದಲೇ ತುಳುವಿನ ಪ್ರಾಚೀನ ಕಾವ್ಯಗಳು ಬೆಳಕು ಕಂಡವು. ಆ ಲಿಪಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ. ಅರ್ಥವಾಗದಿದ್ದರೂ ಕಟ್ಟನ್ನು ಎಸೆಯದೆ ಇಟ್ಟ ಅಜ್ಜಂದಿರ ನಡತೆಯನ್ನು ನಾವು ಮೂಢಭಕ್ತಿಯೆಂದು ನಕ್ಕದ್ದುಂಟು. ಓದಲು ಬಾರದುದಕ್ಕೂ ತಮ್ಮ ಹೊಣೆ ಇದೆ ಎಂದು ಅವರು ತಿಳಿದಿದ್ದರು ಎಂದೂ ಅದನ್ನು ಅರ್ಥೈಸಬಹುದಲ್ಲವೆ?

ಹಾಗಿದ್ದರೆ ಎಲ್ಲವನ್ನೂ ಸಾಗಿಸಿಬಿಡೋಣ, ಅಡ್ಡಿಯೇನು? ಗರಿಯಲ್ಲಿ ಕಂಠದಿಂದ ಕೊರೆದು ನಕಲು ಮಾಡುವವನಿಗೆ ಬೆರಳು ನೋಯುತ್ತಿತ್ತು, ಆದುದರಿಂದ ಯಾವುದು ನಕಲಿಗೆ ಯೋಗ್ಯವೆಂದು ಅವನು ಮೊದಲೇ ಯೋಚಿಸುತ್ತಿದ್ದ. ನಮಗೆ ನೋವಿಲ್ಲ. ಬೆಳ್ಳುಳ್ಳಿ ಮಾತ್ರೆಯ ಜಾಹೀರಾತೂ ತಂಗಿಯ ಕೊನೆಯ ಪತ್ರವೂ ಒಂದೇ ವೇಗದಲ್ಲಿ ಹೊಸ ಯಂತ್ರಕ್ಕೆ ಬರುತ್ತವೆ. ಎಲ್ಲವನ್ನೂ ಇಟ್ಟುಕೊಳ್ಳುವವನು ಯಾವುದನ್ನೂ ಇಟ್ಟುಕೊಂಡಂತಾಗಲಿಲ್ಲ ಎಂದು ಇದಕ್ಕೆ ವಿರೋಧ ಹೇಳಬಹುದು. ಒಪ್ಪುತ್ತೇನೆ, ಪತ್ರಗಳು ನನ್ನವೇ ಆಗಿದ್ದರೆ. ಆದರೆ ನಮ್ಮ ಮನೆಗಳಲ್ಲಿ ಸಾಗಿಸುವವನು ಹೆಚ್ಚಾಗಿ ಮಗ ಅಥವಾ ಸೊಸೆ. ಪತ್ರಗಳು ಅಪ್ಪನವು, ಮಾವನವು, ಕೆಲವೊಮ್ಮೆ ತೀರಿಕೊಂಡವರವು. ಆರಿಸಬೇಕಾದರೆ ಓದಬೇಕು. ಓದಬಾರದು ಎಂದಾದರೆ ಎಲ್ಲವನ್ನೂ ಹೊರಬೇಕು, ಇಲ್ಲವೇ ಎಲ್ಲವನ್ನೂ ಬಿಡಬೇಕು. ಗಂಟು ಇರುವುದು ಇಲ್ಲಿ.

ಪತ್ರ ಯಾರದು ಎಂಬ ಪ್ರಶ್ನೆ ಹಳೆಯದು. 1741ರಲ್ಲಿ ಇಂಗ್ಲೆಂಡಿನ ಕವಿ ಅಲೆಗ್ಸಾಂಡರ್ ಪೋಪ್, ತಾನೂ ಜೊನಾಥನ್ ಸ್ವಿಫ್ಟನೂ ಬರೆದುಕೊಂಡ ಪತ್ರಗಳನ್ನು ಅಚ್ಚುಹಾಕಿದ ಎಡ್ಮಂಡ್ ಕರ್ಲ್ ಎಂಬ ಪುಸ್ತಕವ್ಯಾಪಾರಿಯ ಮೇಲೆ ದಾವೆ ಹೂಡಿದ. ಪಡೆದವನಿಗೆ ಇರುವುದು ಕಾಗದದ ಮೇಲಿನ ಹಕ್ಕು, ಅದರೊಳಗಿನ ಮಾತನ್ನು ಲೋಕಕ್ಕೆ ಹಂಚುವ ಹಕ್ಕು ಬರೆದವನದೇ ಎಂದು ನ್ಯಾಯಾಧೀಶ ಲಾರ್ಡ್ ಹಾರ್ಡ್‌ವಿಕ್ ತೀರ್ಮಾನಿಸಿದ. ತಾನು ಬರೆದ ಪತ್ರಗಳಿಗೆ ಪೋಪನಿಗೆ ರಕ್ಷಣೆ ಸಿಕ್ಕಿತು, ತನಗೆ ಬಂದ ಪತ್ರಗಳಿಗೆ ಸಿಗಲಿಲ್ಲ. (ಇದೇ ಕರ್ಲನಿಂದ ತನ್ನ ಪತ್ರಗಳನ್ನು 1735ರಲ್ಲಿ ಉಪಾಯವಾಗಿ ಅಚ್ಚು ಮಾಡಿಸಿದವನೂ ಪೋಪನೇ, ಕವಿಗಳ ನ್ಯಾಯವೇ ಬೇರೆ.) ಮಿಂಚಂಚೆಯಲ್ಲಿ ಕಾಗದವೇ ಇಲ್ಲ. ಆದುದರಿಂದ ಪಡೆದವನ ಕೈಯಲ್ಲಿ ಉಳಿದಿರುವುದು ಬೇರೆಯವರ ಮಾತು ಮಾತ್ರ. ನಂಬಿ ಒಪ್ಪಿಸಿದ ಒಡವೆಯಂತೆ.

ವಿಳಾಸಪಟ್ಟಿಗೂ ಇದೇ ಮಾತು ಸಲ್ಲುತ್ತದೆ, ಇನ್ನೂ ಬಿರುಸಾಗಿ. ಹೊಸ ಸೇವೆಯೊಂದಕ್ಕೆ ಸೇರಿದಾಗ, ನಿಮ್ಮ ಗೆಳೆಯರನ್ನು ಹುಡುಕಿಕೊಡುತ್ತೇವೆ, ಪಟ್ಟಿಯನ್ನು ಕೊಡಿ ಎಂದು ಅದು ಕೇಳುತ್ತದೆ. ನಾವು ಒಂದು ಗುಂಡಿ ಒತ್ತಿ ಇನ್ನೂರು ಮಂದಿಯನ್ನು ಒಪ್ಪಿಸಿಬಿಡುತ್ತೇವೆ. ಇನ್ನೂರರಲ್ಲಿ ಒಬ್ಬರನ್ನೂ ಕೇಳಿರುವುದಿಲ್ಲ. 2023ರಲ್ಲಿ ಭಾರತ ಮಾಡಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ, ವ್ಯಕ್ತಿಯೊಬ್ಬ ತನ್ನ ಸ್ವಂತದ ಅಥವಾ ಮನೆಯ ಉದ್ದೇಶಕ್ಕೆ ಮಾಡಿದ್ದನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಸರಿಯೇ; ಮನೆಯೊಳಗೆ ಸರಕಾರ ಬರಬಾರದು. ಆದರೆ ಸರಕಾರ ಬಾರದ ಕಡೆ ಮನಸ್ಸಾಕ್ಷಿ ಇರಬೇಕಾಗುತ್ತದೆ. ನೆರೆಮನೆಯವರು ತೀರ್ಥಯಾತ್ರೆಗೆ ಹೊರಟಾಗ ನಮ್ಮಲ್ಲಿ ಕೊಟ್ಟುಹೋದ ಬೀಗದಕೈಯನ್ನು, ಅಂಗಡಿಯಲ್ಲಿ ಒಂದು ರಿಯಾಯಿತಿ ಸಿಗುವುದೆಂದು ಮೇಜಿನ ಮೇಲೆ ಇಡುತ್ತೇವೆಯೆ?

ಈಗಿನವರು ಹೇಳಬಹುದು: ಸಾಗಿಸುವ ತಾಪತ್ರಯವೇ ಮುಗಿದಿದೆ. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಗಿಗಾಬೈಟ್ ಜಾಗದೊಂದಿಗೆ ಬಂತು. ಅಲ್ಲಿಂದ ಮುಂದೆ ಪತ್ರಗಳು ಮನೆಯಲ್ಲಿರದೆ ಕಂಪೆನಿಯ ಮನೆಯಲ್ಲೇ ಇರತೊಡಗಿದವು. ಹೊಸ ಯಂತ್ರದಲ್ಲಿ ಗುಪ್ತಪದ ಒತ್ತಿದರೆ ಎಲ್ಲವೂ ಇದ್ದ ಹಾಗೇ. ಇದರಲ್ಲಿ ಸುಖವಿದೆ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಮಾಡು ಬಿಚ್ಚುವ ದಿನವೇ ಬಾರದ ಮನೆಯಲ್ಲಿ ಅಟ್ಟವನ್ನು ಯಾರು ಹತ್ತಿ ನೋಡುತ್ತಾರೆ? ನಿರ್ಧಾರ ನಮ್ಮ ಕೈಯಿಂದ ಜಾರಿ ನಿಯಮಾವಳಿಗೆ ಹೋಗಿದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ 2023ರ ಡಿಸೆಂಬರಿನಿಂದ ತೊಡಗಿತು. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಅವರ ಖಾತೆಯನ್ನು ತೆರೆಯದೆ ಗೌರವದಿಂದ ಸುಮ್ಮನಿದ್ದ ಮಕ್ಕಳಿಗೆ ಆ ಗೌರವವೇ ಮುಳುವಾಗಬಹುದು. ಇದೇ ಕಂಪೆನಿ 2013ರಿಂದಲೇ ಒಂದು ಅನುಕೂಲವನ್ನೂ ಕೊಟ್ಟಿದೆ: ಖಾತೆ ಇಷ್ಟು ತಿಂಗಳು ನಿಶ್ಚಲವಾದರೆ ಇಂಥವರಿಗೆ ಇಷ್ಟನ್ನು ಕೊಡಿ ಎಂದು ಮೊದಲೇ ಬರೆದಿಡಬಹುದು. ಆಸ್ತಿಯ ಮರಣಶಾಸನವನ್ನು ರಿಜಿಸ್ಟ್ರಿ ಮಾಡಿಸುವ ನಮ್ಮ ಹಿರಿಯರು ಇದೊಂದು ಕಾಲು ಗಂಟೆಯ ಕೆಲಸವನ್ನು ಮಾಡಿಟ್ಟರೆ ಮಕ್ಕಳ ಅರ್ಧ ಸಂಕಟ ಕಳೆಯುತ್ತದೆ.

ನಮ್ಮಂಥವರ ಮಟ್ಟಿಗೆ ಇನ್ನೊಂದು ಮಾತಿದೆ. 1956ರ ನವೆಂಬರ್ 1ರಿಂದ ಕೇರಳದಲ್ಲಿ ಬಾಳುತ್ತಿರುವ ಕನ್ನಡದ ಮನೆಗಳು ಮನೆಯೊಳಗೆ ಯಾವ ಕನ್ನಡವನ್ನು ಬರೆದುಕೊಂಡವು, ಅದರಲ್ಲಿ ತುಳು ಎಷ್ಟು, ಮಲಯಾಳ ಎಷ್ಟು, ಗಲ್ಫಿಗೆ ಹೋದ ಮಗನಿಗೆ ತಾಯಿ ಯಾವ ಮಾತಿನಲ್ಲಿ ಬೈದಳು ಎಂಬುದು ಯಾವ ಪತ್ರಾಗಾರದಲ್ಲೂ ಸಿಗಲಾರದು. ಅದು ಈ ಪತ್ರಗಳಲ್ಲೇ ಇದೆ. ಹೀಗಿರುವಾಗ ಇವು ಸಮಾಜದ ಸೊತ್ತಲ್ಲವೆ, ತೆರೆದು ಓದಿ ದಾಖಲಿಸಬಾರದೆ ಎಂದು ಕೇಳುವವರಿದ್ದಾರೆ. ಅವರ ಕಳಕಳಿ ಸುಳ್ಳಲ್ಲ. ಆದರೂ ತಾಯಿ ಬರೆದದ್ದು ಸಮಾಜಕ್ಕಲ್ಲ, ಮಗನಿಗೆ. ಸಮಾಜದ ಹೆಸರಿನಲ್ಲಿ ಅವಳ ಮಾತಿಗೆ ಕೈಹಾಕುವ ಮೊದಲು, ಬದುಕಿದ್ದರೆ ಅವಳನ್ನೇ ಕೇಳಬೇಕು. ಇಲ್ಲವಾದರೆ ಆ ಪತ್ರಗಳಲ್ಲಿ ಹೆಸರು ಬರುವವರು ಜೀವಂತ ಇರುವ ತನಕವಾದರೂ ಕಾಯಬೇಕು. ಕಾಯಬೇಕಾದರೆ ಪತ್ರ ಉಳಿದಿರಬೇಕು, ಓದುವಂತೆ ಉಳಿದಿರಬೇಕು. ಹೀಗೆ ನೋಡಿದರೆ ಸಾಗಿಸುವವನ ಕರ್ತವ್ಯ ನನಗೆ ಸ್ಪಷ್ಟವಾಗುತ್ತದೆ: ಪರರ ಪತ್ರಗಳನ್ನು ಇಡಿಯಾಗಿ ಹೊರಬೇಕು, ಆರಿಸಬಾರದು, ಓದಬಾರದು, ಫಾಂಟನ್ನೂ ಜೊತೆಗೆ ಇಡಬೇಕು. ತೀರಿಕೊಂಡವರ ವಿಳಾಸಪಟ್ಟಿಯಿಂದ, ಸುದ್ದಿ ತಿಳಿಯದೆ ಇನ್ನೂ ಪತ್ರ ಬರೆಯುತ್ತಿರುವವರಿಗೆ ಒಂದು ಸಾಲು ತಿಳಿಸುವುದಕ್ಕಿಂತ ಹೆಚ್ಚಿನ ಉಪಯೋಗ ಪಡೆಯಬಾರದು.

ಅಕ್ಷರ ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಒಂದನ್ನಾದರೂ ತೆರೆದು ನೋಡಬೇಕಲ್ಲ ಎಂದು ನೀವು ಕೇಳಬಹುದು. ನೋಡಲೇಬೇಕು. ಅದಕ್ಕೆ ಪಟ್ಟಿಯಲ್ಲಿ ನಿಮ್ಮ ಹೆಸರನ್ನೇ ಹುಡುಕಿ, ನೀವೇ ಅವರಿಗೆ ಬರೆದ ಒಂದು ಪತ್ರವನ್ನು ತೆರೆಯಿರಿ. ಅದು ಓದಲು ಬಂದರೆ ಅದೇ ಫಾಂಟಿನಲ್ಲಿ ಬರೆದ ಉಳಿದವೂ ಓದಲು ಬರಬೇಕು.