ಕಂಡ ತೀರವನ್ನು ಹೇಳಬೇಕೆ?

ಪ್ರವಾಸಿಯೊಬ್ಬನು ಜನಸಂದಣಿಯಿಂದ ದೂರ ಸರಿದು, ಸ್ವಂತ ಪ್ರಯತ್ನದಿಂದ ನಿಶ್ಶಬ್ದವಾದ ಒಂದು ಜಲತೀರವನ್ನು ಕಂಡುಕೊಂಡನೆಂದು ಇಟ್ಟುಕೊಳ್ಳೋಣ. ಅದನ್ನು ಇತರರಿಗೆ ತಿಳಿಸುವುದು ಧರ್ಮವೋ, ತಿಳಿಸದಿರುವುದು ಧರ್ಮವೋ? ಮೇಲ್ನೋಟಕ್ಕೆ ಇದು ಬಿಡುವುಳ್ಳವರ ಪ್ರಶ್ನೆಯಂತೆ ತೋರುತ್ತದೆ. ಆದರೆ ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳ ಮಕ್ಕಳು ಅಮೆರಿಕೆಯಲ್ಲಿ ನೆಲೆಸಿ, ತಮ್ಮನ್ನು ನೋಡಲು ಬಂದ ತಂದೆತಾಯಿಗಳನ್ನು ಮಯಾಮಿಯಿಂದ ಹೊರಡುವ ವಿಹಾರನೌಕೆಗಳಲ್ಲಿ ಕೆರಿಬಿಯನ್ ದ್ವೀಪಗಳಿಗೆ ಕರೆದೊಯ್ಯಬಹುದಾದ ಕಾಲವಿದು. ಆದುದರಿಂದ ವಿಷಯವು ಗೃಹಸ್ಥರ ವಿಚಾರಕ್ಕೆ ಅರ್ಹವಾಗಿದೆ.

ಅಲ್ಲಿಯ ಪದ್ಧತಿಯನ್ನು ಮೊದಲು ತಿಳಿಯಬೇಕು. ಹಡಗು ಸಾಮಾನ್ಯವಾಗಿ ಬೆಳಿಗ್ಗೆ ಒಂದು ದ್ವೀಪಕ್ಕೆ ಬಂದು ಸಂಜೆ ಹೊರಟುಬಿಡುತ್ತದೆ. 2024ರಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಎಂಬ ಒಂದೇ ನೌಕೆಯಲ್ಲಿ ಏಳು ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರು ಹಿಡಿಯುತ್ತಾರೆ. ಕೊಸುಮೆಲ್‌ನಂಥ ಬಂದರಿನಲ್ಲಿ ಇಂಥ ಹಲವು ಹಡಗುಗಳು ಒಂದೇ ದಿನ ನಿಲ್ಲುವುದುಂಟು. ಹಡಗಿನವರೇ ಏರ್ಪಡಿಸುವ ವಿಹಾರಕ್ಕೆ ಹೋದರೆ ಎಲ್ಲರೂ ಒಂದೇ ಮರಳಿನ ಮೇಲೆ ಸೇರುತ್ತಾರೆ. ಇದನ್ನು ಒಲ್ಲದವರು ಟ್ಯಾಕ್ಸಿ ಹಿಡಿದು ಬಂದರಿನಿಂದ ದೂರದ ತೀರಕ್ಕೆ ಹೋಗುತ್ತಾರೆ. ಕಣ್ಣು ಮೂಗುಗಳಿಗೆ ಗಾಜಿನ ಮುಖವಾಡ, ಬಾಯಿಗೆ ಉಸಿರಿನ ಕೊಳವೆ ಧರಿಸಿ, ನೀರಿನ ಮೇಲೆ ಕವುಚಿ ತೇಲುತ್ತ ಮೀನು ಹವಳಗಳನ್ನು ನೋಡುತ್ತಾರೆ. ಇದಕ್ಕೆ ಸ್ನಾರ್ಕೆಲಿಂಗ್ ಎಂದು ಹೆಸರು.

ಆ ಸಮುದ್ರದಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ ಬೀಸುವುದರಿಂದ ದ್ವೀಪಗಳ ಪಶ್ಚಿಮ ತೀರದಲ್ಲಿ ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಹಡಗಿನ ಗಡಿಯಾರವೂ ದ್ವೀಪದ ಗಡಿಯಾರವೂ ಕೆಲವೊಮ್ಮೆ ಒಂದು ಗಂಟೆ ಬೇರೆಯಾಗಿರುವುದುಂಟು. ಸ್ವತಂತ್ರವಾಗಿ ಹೋದವನಿಗಾಗಿ ಹಡಗು ಕಾಯುವುದಿಲ್ಲ. ಮರಳುವ ಟ್ಯಾಕ್ಸಿಯನ್ನು ಮೊದಲೇ ಗೊತ್ತುಮಾಡಿಕೊಳ್ಳದವನು, ನೀರಿಗೆ ಒಂಟಿಯಾಗಿ ಇಳಿಯುವವನು, ಇಬ್ಬರೂ ಅವಿವೇಕಿಗಳು.

ಇಷ್ಟು ವ್ಯವಹಾರದ ಮಾತಾಯಿತು. ಇನ್ನು ವ್ರತದ ದೃಷ್ಟಿ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ದಿಗ್ವ್ರತದ ಎಲ್ಲೆಗಳನ್ನು ಹೇಳುವಾಗ ಸಮುದ್ರವನ್ನೇ ಮೊದಲು ಹೆಸರಿಸುತ್ತದೆ. ತತ್ತ್ವಾರ್ಥಸೂತ್ರವು ಆ ವ್ರತದ ಅತಿಚಾರಗಳಲ್ಲಿ ಮೇಲಕ್ಕೆ ಮಿತಿಮೀರುವುದನ್ನು, ಕೆಳಕ್ಕೆ ಮಿತಿಮೀರುವುದನ್ನು ಬೇರೆಬೇರೆಯಾಗಿ ಎಣಿಸುತ್ತದೆ. ಕೆಳಮುಖದ ಅತಿಕ್ರಮಕ್ಕೆ ಪೂಜ್ಯಪಾದರ ಟೀಕೆಯು ಬಾವಿಗಿಳಿಯುವುದನ್ನು ಉದಾಹರಿಸುತ್ತದೆ. ದಿಗ್ವ್ರತವನ್ನು ತೆಗೆದುಕೊಂಡವರು ಹಡಗಿನ ಟಿಕೆಟ್ಟಿಗೆ ಮುಂಚೆಯೇ ಇದನ್ನು ನೆನೆಯಬೇಕು. ತೆಗೆದುಕೊಳ್ಳದವರಿಗೂ ಅನರ್ಥದಂಡದ ಪ್ರಕರಣ ಅನ್ವಯಿಸುತ್ತದೆ. ಅಲ್ಲಿ ಪ್ರಮಾದಚರ್ಯೆಯ ಪಟ್ಟಿಯಲ್ಲಿ, ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಇವುಗಳ ಜೊತೆಗೆ ಎರಡು ಸಣ್ಣ ಮಾತುಗಳಿವೆ: ಸುಮ್ಮನೆ ತಿರುಗುವುದು, ಇತರರನ್ನು ಸುಮ್ಮನೆ ತಿರುಗಿಸುವುದು. ಎರಡನೆಯದನ್ನು ವ್ಯಾಖ್ಯಾನಕಾರರು ಬೇಗ ದಾಟಿಬಿಡುತ್ತಾರೆ. ಇಲ್ಲಿಯ ಪ್ರಶ್ನೆಗೆ ಅದೇ ಮುಖ್ಯ.

‘ಹಡಗಿನ ಸಾವಿರಾರು ಜನರ ಹಾನಿಯ ಮುಂದೆ ಒಬ್ಬನ ಹಾನಿ ಎಷ್ಟರದು?’ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಜನ ತುಂಬಿದ ತೀರದಲ್ಲಿ ಕೆಡಬೇಕಾದುದು ಬಹುಮಟ್ಟಿಗೆ ಕೆಟ್ಟುಹೋಗಿರುತ್ತದೆ. ನಿಶ್ಶಬ್ದ ತೀರಕ್ಕೆ ಒಬ್ಬನು ಹೋಗುವುದೇ ಅಲ್ಲಿ ಇನ್ನೂ ಕೆಡದ ಏನೋ ಉಳಿದಿದೆಯೆಂಬ ಕಾರಣಕ್ಕೆ. ಗುಂಡಾಗಿ ಬೆಳೆಯುವ ಹವಳದ ಬಂಡೆಯು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ದಣಿದವನೊಬ್ಬನು ಅದರ ಮೇಲೆ ಕ್ಷಣಕಾಲ ಕಾಲೂರಿದರೆ ಹಲವು ವರ್ಷಗಳ ಬೆಳವಣಿಗೆ ಸವೆಯಬಹುದು. ಮೂಲಾಚಾರದಂಥ ಗ್ರಂಥಗಳು ಹವಳವನ್ನು ಪೃಥ್ವೀಕಾಯಗಳ ಪಟ್ಟಿಯಲ್ಲಿ ಸೇರಿಸಿವೆ; ಇಂದಿನ ಜೀವಶಾಸ್ತ್ರವು ಅದನ್ನು ಸೂಕ್ಷ್ಮ ಪ್ರಾಣಿಗಳ ಸಮೂಹವೆನ್ನುತ್ತದೆ. ಎಣಿಕೆ ಬೇರೆಯಾದರೂ ಅಲ್ಲಿ ಜೀವವಿದೆಯೆಂಬುದರಲ್ಲಿ ಎರಡಕ್ಕೂ ಭೇದವಿಲ್ಲ. ನವರತ್ನಗಳಲ್ಲೊಂದಾಗಿ ತಕ್ಕಡಿಯಲ್ಲಿ ಹವಳವನ್ನು ತೂಗಿದ ವರ್ತಕ ಮನೆತನಗಳಿಗೆ ಈ ಮಾತು ಸ್ವಲ್ಪ ಚುಚ್ಚಬೇಕಾದುದೇ. ಮೈಗೆ ಬಳಿದ ಬಿಸಿಲಿನ ಲೇಪವೂ ನಿರ್ದೋಷವಲ್ಲ. ಹವಳಕ್ಕೆ ಹಾನಿಕರವೆಂದು ಆಕ್ಸಿಬೆನ್ಜೋನ್ ಮೊದಲಾದ ರಾಸಾಯನಿಕಗಳುಳ್ಳ ಲೇಪಗಳನ್ನು ಅಮೆರಿಕೆಗೆ ಸೇರಿದ ವರ್ಜಿನ್ ದ್ವೀಪಗಳು 2020ರಲ್ಲಿ ನಿಷೇಧಿಸಿದವು. ತೋಳುದ್ದದ ಅಂಗಿಯೊಂದು ಆ ಲೇಪದ ಬಹುಪಾಲು ಕೆಲಸವನ್ನು ಮಾಡುತ್ತದೆ.

ಸಮುದ್ರವನ್ನು ಕಾಣದವರಿಗೆ ಇದೇ ಸಂಗತಿ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಕಾಣಸಿಗುತ್ತದೆ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದಂತೆ ಹಿನ್ನೀರಿನಲ್ಲಿ ಬೋಳು ದಿಬ್ಬಗಳು ಮೇಲೇಳುತ್ತವೆ. ಸುತ್ತಲೂ ನೀರು, ಆಚೆಗೆ ಕಾಡು, ಮನುಷ್ಯರ ಸದ್ದಿಲ್ಲ. ಏಕಾಂತವನ್ನು ಅರಸುವವನು ಮೆಚ್ಚುವ ತಾಣವೇ ಹೌದು. ಇದೇ ಕಾರಣಕ್ಕೆ ರಿವರ್ ಟರ್ನ್ ಎಂಬ ರೀವ ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಬಂದು ಆ ದಿಬ್ಬಗಳಲ್ಲಿ ಮೊಟ್ಟೆಯಿಡುತ್ತವೆ. ಗೂಡೆಂಬುದು ನೆಲದ ಒಂದು ಸಣ್ಣ ಕುಳಿ ಮಾತ್ರ. ಚುಕ್ಕೆಗಳ ಮೊಟ್ಟೆಯು ಬೆಣಚುಕಲ್ಲಿನಿಂದ ಬೇರೆಯೆಂದು ತೋರದು. ದಿಬ್ಬಕ್ಕೆ ಕಾಲಿಟ್ಟವನು ತುಳಿಯದೇ ಇರಬಹುದು. ಆದರೆ ತಾಯಿಹಕ್ಕಿ ಹಾರಿಹೋದಷ್ಟು ಹೊತ್ತು ಮೊಟ್ಟೆಗಳಿಗೆ ಬಿಸಿಲಿನ ಭಯ, ಕಾಗೆ ಹದ್ದುಗಳ ಭಯ. ಅಜ್ಜಂಪುರದ ಕಡೆಯ ಹುಲ್ಲುಗಾವಲುಗಳಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುವ ಟಿಟ್ಟಿಭಗಳ ಸ್ಥಿತಿಯೂ ಇದೇ. ಜಾಗ ನಿಶ್ಶಬ್ದವಾಗಿದೆಯೆಂದರೆ ಅದು ಖಾಲಿಯಿದೆಯೆಂದು ಅರ್ಥವಲ್ಲ. ಮನುಷ್ಯನಿಗೆ ಅರ್ಧ ದಿನದ ವಿಶ್ರಾಂತಿಯಾದ ಮೌನವು ಆ ಹಕ್ಕಿಗಳಿಗೆ ಸಂತಾನದ ಆಧಾರ.

ಹಾಗಾದರೆ ಕಂಡವನು ಬಾಯಿಮುಚ್ಚಿರಬೇಕೆ? ಇಲ್ಲಿ ಎರಡು ಅಣುವ್ರತಗಳು ಪರಸ್ಪರ ಎದುರಾಗುವಂತೆ ತೋರುತ್ತದೆ. ಮುಚ್ಚಿಟ್ಟರೆ, ತನ್ನದಲ್ಲದ ತೀರವನ್ನು ಮನಸ್ಸಿನಲ್ಲಿ ತನ್ನದಾಗಿಸಿಕೊಂಡ ಪರಿಗ್ರಹ. ಊರಿಗೆಲ್ಲ ಹೇಳಿದರೆ, ಹೇಳಿದವನು ಸ್ವತಃ ಏನನ್ನೂ ಮುರಿಯದೆ ಹಿಂಸೆಗೆ ಕಾರಣನಾಗುತ್ತಾನೆ. ಪರರಿಗೆ ವಿಪತ್ತನ್ನು ತರುವ ಸತ್ಯವನ್ನು ಗೃಹಸ್ಥನು ನುಡಿಯಬಾರದೆಂದು ರತ್ನಕರಂಡಕವೇ ವಿಧಿಸಿರುವುದರಿಂದ ತೂಕವು ಮೌನದ ಕಡೆಗೆ ವಾಲುತ್ತದೆ. ಆದರೂ ಮೌನವಹಿಸಿದವನು ತನ್ನನ್ನು ಪರೀಕ್ಷಿಸಿಕೊಳ್ಳಬೇಕು. ತಾನು ಪ್ರತಿವರ್ಷ ಅಲ್ಲಿಗೆ ಹೋಗುತ್ತ ಇತರರಿಗೆ ಮಾತ್ರ ಮುಚ್ಚಿಡುವವನ ಮೌನವು ಅಹಿಂಸೆಯಲ್ಲ, ಕೂಡಿಡುವಿಕೆ.

ಮೂರನೆಯ ದಾರಿಯೊಂದನ್ನು ಬೊನೇರ್ ದ್ವೀಪವು ತೋರಿಸಿದೆ. ಅಲ್ಲಿ 1979ರಲ್ಲಿಯೇ ದ್ವೀಪದ ಸುತ್ತಲಿನ ಸಮುದ್ರವನ್ನು ರಕ್ಷಿತ ಉದ್ಯಾನವನ್ನಾಗಿ ಮಾಡಲಾಯಿತು. ಮುಳುಗುವ ತಾಣಗಳನ್ನು ಬಚ್ಚಿಟ್ಟಿಲ್ಲ. ರಸ್ತೆಯ ಬದಿಯಲ್ಲಿ ಹಳದಿ ಬಣ್ಣದ ಕಲ್ಲುಗಳ ಮೇಲೆ ಅವುಗಳ ಹೆಸರನ್ನೇ ಬರೆದಿಟ್ಟಿದ್ದಾರೆ. ಆದರೆ ನೀರಿಗಿಳಿಯುವವನು ಸಂರಕ್ಷಣೆಯ ಶುಲ್ಕ ಕೊಡಬೇಕು, ಹವಳವನ್ನು ಮುಟ್ಟಬಾರದು. ಸಾಮಾನ್ಯ ಮುಳುಗುಗಾರರು ಕೈಗವಸು ಸಹ ಧರಿಸುವಂತಿಲ್ಲ, ಏಕೆಂದರೆ ಕೈ ಬೆಚ್ಚಗಿದ್ದವನು ಧೈರ್ಯವಾಗಿ ಹಿಡಿಯುತ್ತಾನೆ. ತಾಣವನ್ನು ಹೇಳುವುದರ ಜೊತೆಗೇ ನಿಯಮವನ್ನೂ ಹೇಳುವ ಕ್ರಮವಿದು. ಕಾಯುವವರಿರುವ ತೀರವನ್ನು ಹೇಳಬಹುದು. ಕಾಯುವವರಿಲ್ಲದ ತೀರದ ವಿಚಾರವೇ ಬೇರೆ.

ಇನ್ನೊಂದು ಅಂಶ ಉಳಿಯಿತು. ಸ್ವತಂತ್ರವಾಗಿ ಕಂಡುಕೊಂಡೆನೆಂದು ಹೇಳಿಕೊಳ್ಳುವವನಿಗೆ ಅನೇಕ ವೇಳೆ ದಾರಿ ತೋರಿಸಿದವನು ದ್ವೀಪದ ಒಬ್ಬ ಟ್ಯಾಕ್ಸಿಯವನೋ ಮೀನುಗಾರನೋ ಆಗಿರುತ್ತಾನೆ. ಆ ಅರಿವು ಅವನು ಒಪ್ಪಿಸಿದ ನ್ಯಾಸ. ಅದರಿಂದ ಅವನ ಜೀವನವೂ ನಡೆಯಬೇಕು. ಸ್ನೇಹಿತರು ಕೇಳಿದರೆ ತೀರದ ಗುರುತನ್ನು ಹೇಳದೆ, ಆ ಚಾಲಕನ ಹೆಸರನ್ನು ಹೇಳಬಹುದು. ಯಾರನ್ನು ಕರೆದೊಯ್ಯಬೇಕು, ಯಾವ ದಿನ ಬೇಡವೆನ್ನಬೇಕು ಎಂಬುದನ್ನು ಅವನು ತನ್ನ ನೀರನ್ನು ನೋಡಿ ನಿರ್ಧರಿಸುತ್ತಾನೆ. ಲಕ್ಕವಳ್ಳಿಯಲ್ಲಿಯೂ ಅರಣ್ಯ ಇಲಾಖೆಯ ನಿಯಮಗಳನ್ನು ಬಲ್ಲ ದೋಣಿಯವನು ರೀವಗಳ ದಿಬ್ಬದಿಂದ ದೂರದಲ್ಲಿಯೇ ದೋಣಿಯನ್ನು ನಿಲ್ಲಿಸುತ್ತಾನೆ. ‘ಇನ್ನೂ ಸ್ವಲ್ಪ ಹತ್ತಿರ’ ಎನ್ನುವ ಪ್ರವಾಸಿಯು ಹೆಚ್ಚಿನ ಹಣವನ್ನು ಮುಂದೊಡ್ಡಿದರೂ ಅವನು ಚಾಲನೆ ಮಾಡದಂತಾಗಲು, ಅವನ ಆ ದಿನದ ಕೂಲಿಯು ಮೊದಲೇ ಸಾಕಷ್ಟಾಗಿರಬೇಕು.